ಊರಿಗೆಲ್ಲ ಗೊತ್ತಿರುವುದನ್ನು ಮತ್ತೆ ಅಚ್ಚು ಹಾಕಿದರೆ ತಪ್ಪೇ?

ಮಾಸಿಕದವ (ಚರ್ಚೆ ಆರಂಭಿಸಿದವರು) · ಶನಿವಾರ, ಬೆಳಿಗ್ಗೆ 7.40

ಎಲ್ಲರಿಗೂ ನಮಸ್ಕಾರ. ನಾನೂ ಇನ್ನಿಬ್ಬರು ಗೆಳೆಯರೂ ಸೇರಿ ನಮ್ಮ ನಾಡಿನ ಸುದ್ದಿಗಾಗಿ ಎಂಟು ಪುಟಗಳ ಒಂದು ಮಾಸಿಕವನ್ನು ಹೊರತರುತ್ತಿದ್ದೇವೆ. ಎಷ್ಟು ಇಂಚು ಮಳೆಯಾಯಿತು, ಕಾಫಿ ಮತ್ತು ಕರಿಮೆಣಸಿಗೆ ಎಷ್ಟು ದರ ಬಂತು, ಯಾವ ತೋಟಕ್ಕೆ ಆನೆ ನುಗ್ಗಿತು, ಹಾಕಿ ಪಂದ್ಯದಲ್ಲಿ ಯಾವ ಒಕ್ಕ (ಕೊಡವ ಮನೆತನ) ಗೆದ್ದಿತು, ಯಾರು ತೀರಿಕೊಂಡರು ಎಂಬುದಷ್ಟೇ ಅದರ ಸರಕು.

ಕೆಲವು ವರ್ಷಗಳ ಹಿಂದೆ ನಮ್ಮ ಕಡೆ ಶಾಲೆಗೆ ಹೋಗುತ್ತಿದ್ದ ಒಬ್ಬ ಹುಡುಗಿಯ ಮೇಲೆ ದೌರ್ಜನ್ಯ ನಡೆದು ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಕಾಯ್ದೆ) ಪ್ರಕರಣ ದಾಖಲಾಗಿತ್ತು. ಈಗ ಅಪರಾಧಿಗೆ ಶಿಕ್ಷೆಯಾಗಿದೆ. *[ಇಲ್ಲಿದ್ದ ಎರಡು ವಾಕ್ಯಗಳನ್ನು ಬರೆದವರೇ ಭಾನುವಾರ ತೆಗೆದಿದ್ದಾರೆ.]* ಆಗ ಒಂದು ವಾಹಿನಿಯವರು ತೋಟದ ಕಾರ್ಮಿಕರ ಲೈನ್ ಮನೆಯ ಬಾಗಿಲನ್ನೇ ತೋರಿಸಿದ್ದರು, ವಾಟ್ಸ್ಆ್ಯಪ್‌ನಲ್ಲಿ ಫೋಟೊ ಓಡಾಡಿತ್ತು, ಸಂತೆಯಲ್ಲಿ ಹೆಸರು ಹಿಡಿದೇ ಮಾತನಾಡುತ್ತಿದ್ದರು. ತೀರ್ಪಿನ ಸುದ್ದಿಯನ್ನು ನಾನು ಬರೆದಿದ್ದೇನೆ. ಹೆಸರನ್ನು ಹಾಕಿಲ್ಲ, ಆದರೆ ತೋಟ ಮತ್ತು ಶಾಲೆ ಯಾವುದೆಂದು ಹೇಳಿದ್ದೇನೆ, ಏಕೆಂದರೆ ಅವಿಲ್ಲದಿದ್ದರೆ ಇದು ಯಾವ ಪ್ರಕರಣವೆಂದು ಓದುಗರಿಗೆ ತಿಳಿಯುವುದೇ ಇಲ್ಲ. ನಮ್ಮಲ್ಲೊಬ್ಬರು ಇದು ಕೂಡದೆಂದು ಹಟ ಹಿಡಿದಿದ್ದಾರೆ. ಸಾವಿರ ಜನರಿಗೆ ತಿಳಿದಿರುವುದನ್ನು ನಾವು ನಾನ್ನೂರು ಪ್ರತಿಗಳಲ್ಲಿ ಅಚ್ಚು ಹಾಕಿದರೆ ಹೊಸದಾಗಿ ಯಾವ ಕೇಡಾಗುತ್ತದೆ ಎಂಬುದು ನನ್ನ ಪ್ರಶ್ನೆ.

ಹಾರಂಗಿ ದಂಡೆ · ಶನಿವಾರ, ಬೆಳಿಗ್ಗೆ 8.05

ಯಾವ ಕೇಡೂ ಆಗುವುದಿಲ್ಲ. ಕದ್ದು ತಂದ ಸುದ್ದಿಯಲ್ಲ, ಕೋರ್ಟಿನಲ್ಲಿ ಸಾಬೀತಾದ ಸುದ್ದಿ, ಧೈರ್ಯವಾಗಿ ಹಾಕಿ.

ಕೋರ್ಟ್ ರಸ್ತೆ · ಶನಿವಾರ, ಬೆಳಿಗ್ಗೆ 9.12

ನಾನು ಈ ಜಿಲ್ಲೆಯಲ್ಲಿಯೇ ವಕೀಲಿ ಮಾಡುವವನು. ದಯವಿಟ್ಟು ಹಾರಂಗಿಯವರ ಧೈರ್ಯವನ್ನು ನಂಬಿ ಮುದ್ರಣಾಲಯಕ್ಕೆ ಹೋಗಬೇಡಿ.

2012ರ ಪೋಕ್ಸೊ ಕಾಯ್ದೆಯ 23ನೆಯ ಕಲಮು ಹೆಸರನ್ನು ಮಾತ್ರ ಮುಚ್ಚಿಡಲು ಹೇಳುವುದಿಲ್ಲ. ವಿಳಾಸ, ಭಾವಚಿತ್ರ, ಕುಟುಂಬದ ವಿವರ, ಶಾಲೆ, ನೆರೆಹೊರೆ, ಮಗುವಿನ ಗುರುತು ಸಿಗುವಂತಹ ಇನ್ನಾವುದೇ ವಿವರ, ಇವೆಲ್ಲವೂ ಅದರಲ್ಲಿ ಬಿಡಿಬಿಡಿಯಾಗಿ ನಮೂದಾಗಿವೆ. ಅಂದರೆ ನೀವು ಹೆಸರಿನ ಬದಲಿಗೆ ಹಾಕಿಕೊಂಡಿರುವ ಎರಡೂ ವಿವರಗಳು ಕಾನೂನು ಎಣಿಸಿ ಹೇಳಿರುವ ಪಟ್ಟಿಯಲ್ಲಿಯೇ ಇವೆ. ಮಗುವಿನ ಹಿತಕ್ಕೆ ಬೇಕೆಂದು ವಿಶೇಷ ನ್ಯಾಯಾಲಯವು ಲಿಖಿತವಾಗಿ ಅನುಮತಿ ಕೊಟ್ಟರೆ ಮಾತ್ರ ವಿನಾಯಿತಿ ಉಂಟು. ಉಲ್ಲಂಘನೆಗೆ ಆರು ತಿಂಗಳಿನಿಂದ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೇ ದಂಡ, ಅಥವಾ ಎರಡೂ. ಬರೆದವರಷ್ಟೇ ಅಲ್ಲ, ಪ್ರಕಾಶಕರೂ ಮಾಲೀಕರೂ ಹೊಣೆಗಾರರಾಗುತ್ತಾರೆ. 2015ರ ಬಾಲನ್ಯಾಯ ಕಾಯ್ದೆಯ 74ನೆಯ ಕಲಮೂ ಇದನ್ನೇ ಹೇಳುತ್ತದೆ. ಪ್ರಕರಣದಲ್ಲಿ ಅತ್ಯಾಚಾರದ ಕಲಮೂ ಸೇರಿದ್ದರೆ ಭಾರತೀಯ ನ್ಯಾಯ ಸಂಹಿತೆಯ 72 ಕೂಡ ಬರುತ್ತದೆ, ಅದರಲ್ಲಿ ಎರಡು ವರ್ಷದವರೆಗೆ ಶಿಕ್ಷೆಯಿದೆ. ಘಟನೆ ಹಳೆಯದಾದರೂ ನೀವು ಅಚ್ಚು ಹಾಕುವುದು ಈಗ, ಆದ್ದರಿಂದ 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯ ಬದಲಿಗೆ ಬಂದ ಈ ಸಂಹಿತೆಯೇ ನಿಮಗೆ ಅನ್ವಯಿಸುತ್ತದೆ.

'ಮೊದಲೇ ಎಲ್ಲರಿಗೂ ಗೊತ್ತಿತ್ತು' ಎಂಬ ವಿನಾಯಿತಿ ಈ ಯಾವ ಕಲಮಿನಲ್ಲಿಯೂ ಇಲ್ಲ. 2018ರಲ್ಲಿ ಜಮ್ಮುವಿನ ಕಠುವಾದಲ್ಲಿ ಅತ್ಯಾಚಾರಕ್ಕೊಳಗಾಗಿ ಕೊಲೆಯಾದ ಆ ಮಗುವಿನ ಹೆಸರು ದೇಶಕ್ಕೆಲ್ಲ ಗೊತ್ತಿತ್ತು, ಮೆರವಣಿಗೆಯ ಫಲಕಗಳಲ್ಲಿತ್ತು. ಆದರೂ ದೆಹಲಿ ಹೈಕೋರ್ಟು ತಾನಾಗಿಯೇ ಪ್ರಕರಣವನ್ನು ಎತ್ತಿಕೊಂಡು, ಹೆಸರು ಹಾಕಿದ ಮಾಧ್ಯಮ ಸಂಸ್ಥೆಗಳು ತಲಾ 10 ಲಕ್ಷ ರೂಪಾಯಿ ಕಟ್ಟುವಂತೆ ಮಾಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಪರೋಕ್ಷವಾಗಿಯಾದರೂ ಗುರುತು ಹಿಡಿಯಲು ನೆರವಾಗುವ ಯಾವ ಸಂಗತಿಯನ್ನೂ ಪ್ರಕಟಿಸಬಾರದೆಂದಿತು.

ಹಾರಂಗಿ ದಂಡೆ · ಶನಿವಾರ, ಬೆಳಿಗ್ಗೆ 9.30

ವಕೀಲರೇ, ನೀವು ಹೇಳಿದ್ದು ಕಾನೂನು. ಪ್ರಶ್ನೆ ಇದ್ದದ್ದು ತಪ್ಪೇ ಎಂದು, ಶಿಕ್ಷೆಯಾಗುತ್ತದೆಯೇ ಎಂದಲ್ಲ. ಹೆಲ್ಮೆಟ್ ಹಾಕದಿದ್ದರೂ ದಂಡ ಬೀಳುತ್ತದೆ, ಹಾಗೆಂದು ಅದು ಪಾಪವಾಗುವುದಿಲ್ಲ.

ಕಾಫಿ ಕಣ · ಶನಿವಾರ, ಬೆಳಿಗ್ಗೆ 10.48

ನನಗೂ ಒಂದು ಅನುಮಾನವಿದೆ. 2012ರ ದೆಹಲಿ ಪ್ರಕರಣದ ಯುವತಿಯ ತಾಯಿ 2015ರ ಡಿಸೆಂಬರಿನಲ್ಲಿ ಸಾರ್ವಜನಿಕ ಸಭೆಯಲ್ಲಿಯೇ ಮಗಳ ಹೆಸರನ್ನು ಹೇಳಿದರು. ನಾಚಿಕೆಪಡಬೇಕಾದವರು ಅಪರಾಧ ಮಾಡಿದವರು, ನಾವೇಕೆ ಹೆಸರು ಮುಚ್ಚಿಡಬೇಕು ಎಂಬುದು ಅವರ ವಾದವಾಗಿತ್ತು. ಸತ್ತವಳ ಹೆಸರನ್ನು ಹೆತ್ತವಳೇ ಹೇಳಿದ ಮೇಲೂ ಪತ್ರಿಕೆಗಳು ಅದನ್ನು ಹಾಕಬಾರದೆಂದರೆ, ಅದು ಆ ಕುಟುಂಬವನ್ನು ಕಾಪಾಡಿದಂತಾಯಿತೋ, ಬಾಯಿಗೆ ಬಟ್ಟೆ ತುರುಕಿದಂತಾಯಿತೋ? ಮುಚ್ಚಿಡುವುದನ್ನೇ ನಿಯಮ ಮಾಡಿದರೆ, ಬಲಾತ್ಕಾರಕ್ಕೆ ಒಳಗಾದವಳೇ ಮುಖ ಮುಚ್ಚಿಕೊಳ್ಳಬೇಕೆಂಬ ಹಳೆಯ ಭಾವನೆಯನ್ನು ನಾವೇ ಸಾಕಿದಂತಾಗುವುದಿಲ್ಲವೇ?

ಕೋರ್ಟ್ ರಸ್ತೆ · ಶನಿವಾರ, ಬೆಳಿಗ್ಗೆ 11.20

ಪ್ರೌಢಳಾದ ಸಂತ್ರಸ್ತೆ ತಾನೇ ಬರೆದುಕೊಟ್ಟು ಅನುಮತಿಸಿದರೆ ಹೆಸರು ಹಾಕಲು 72ನೆಯ ಕಲಮೇ ದಾರಿ ಬಿಟ್ಟಿದೆ. ತೀರಿಕೊಂಡವರ ಅಥವಾ ಮಕ್ಕಳ ವಿಷಯದಲ್ಲಿ ಮನೆಯವರು ಒಪ್ಪಿದ್ದರಷ್ಟೇ ಸಾಲದು, ಸಂಬಂಧಪಟ್ಟ ನ್ಯಾಯಾಧೀಶರ ಒಪ್ಪಿಗೆಯೂ ಬೇಕೆಂದು ಸುಪ್ರೀಂ ಕೋರ್ಟು ಹೇಳಿತು. ನಿಮ್ಮ ಆಕ್ಷೇಪದಲ್ಲಿ ಹುರುಳಿದೆ, ನನಗೂ ಆ ಭಾಗ ಪೂರ್ತಿ ಒಪ್ಪಿಗೆಯಿಲ್ಲ. ಆದರೆ ಆ ತಾಯಿ ಹೇಳಿದ್ದು ತನ್ನ ಮಗಳ ಹೆಸರನ್ನು. ಇಲ್ಲಿ ನಾವು ಹೇಳಹೊರಟಿರುವುದು ಇನ್ನೊಬ್ಬರ ಮಗಳ ಗುರುತನ್ನು, ಅದೂ ಅವಳನ್ನು ಕೇಳದೆ.

ದಕ್ಷಿಣದವಳು · ಶನಿವಾರ, ಮಧ್ಯಾಹ್ನ 2.15

'ಹೇಗೂ ಎಲ್ಲರಿಗೂ ಗೊತ್ತು' ಎಂಬ ಮಾತಿನ ಬೆಲೆ ಏನೆಂದು ತೆತ್ತು ತಿಳಿದವಳು ನಾನು, ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

2020ರ ಮಾರ್ಚಿನಲ್ಲಿ ಹೋಂ ಕ್ವಾರಂಟೈನ್ ಆದವರ ಪಟ್ಟಿಗಳು ವಿಳಾಸದ ಸಮೇತ ಹೊರಬಿದ್ದದ್ದು ನಿಮಗೆಲ್ಲ ನೆನಪಿರಬಹುದು. ನಾನು ವಿದೇಶದಿಂದ ಬಂದಿದ್ದೆ, ಕೈಗೆ ಮುದ್ರೆ ಹಾಕಿದ್ದರು, ಸೋಂಕು ಇರಲಿಲ್ಲ. ಪಟ್ಟಿ ಒಂದೇ ದಿನದಲ್ಲಿ ನಮ್ಮ ಊರಿನ ಎಲ್ಲ ಗುಂಪುಗಳಿಗೂ ಬಂತು. ಮೊದಲನೆಯ ದಿನದ್ದನ್ನು ನಾನು ಕ್ಷಮಿಸುತ್ತೇನೆ, ಆಗ ಎಲ್ಲರಿಗೂ ಭಯವಿತ್ತು. ಹದಿನಾಲ್ಕು ದಿನ ಕಳೆಯಿತು, ಮುದ್ರೆ ಅಳಿಸಿತು, ಪಟ್ಟಿ ಮಾತ್ರ ಅಳಿಸಲಿಲ್ಲ. ಜೂನ್‌ನಲ್ಲಿ ಯಾರೋ ಅದನ್ನು ಮತ್ತೆ ಹಾಕಿದರು. ಆ ಸಲ ತೋಟದ ಕೆಲಸದವರು ನಮ್ಮ ಮನೆಯ ನೀರು ಕುಡಿಯುವುದನ್ನು ಬಿಟ್ಟರು. ಹಾಕಿದವರನ್ನು ಕೇಳಿದರೆ, 'ಅಕ್ಕ, ನಾನು ಮಾಡಿದ್ದಲ್ಲ, ಸರ್ಕಾರದ್ದೇ ಪಟ್ಟಿ, ಎಲ್ಲರ ಹತ್ತಿರವೂ ಇದೆ' ಎಂದರು. ಅವರು ಹೇಳಿದ್ದರಲ್ಲಿ ಸುಳ್ಳು ಒಂದು ಅಕ್ಷರವೂ ಇರಲಿಲ್ಲ.

ಮೊದಲ ಸಲ ಬಂದಾಗ ಅದು ಎಚ್ಚರಿಕೆಯಾಗಿತ್ತು. ಎರಡನೆಯ ಸಲ ಬಂದಾಗ ಅದು ನನ್ನ ಮೇಲಿನ ದೂರಾಯಿತು. ಜನ ಮರೆಯತೊಡಗಿದ್ದನ್ನು ಮತ್ತೆ ಕೈಗೆ ಕೊಟ್ಟವರು ಹೊಸದೇನನ್ನೂ ಹೇಳಲಿಲ್ಲ ನಿಜ, ಆದರೆ ಮರೆಯುವುದಕ್ಕೆ ಮಾತ್ರ ಬಿಡಲಿಲ್ಲ. ನನಗಾದದ್ದು ಅಷ್ಟು ಸಣ್ಣ ವಿಷಯಕ್ಕೆ. ಆ ಹುಡುಗಿಗೆ ಈಗ ಹದಿನೆಂಟೋ ಇಪ್ಪತ್ತೋ ಆಗಿರಬಹುದು. ಮೈಸೂರಿಗೋ ಮಂಗಳೂರಿಗೋ ಓದಲು ಹೋಗಿದ್ದರೆ, ಅಲ್ಲಿ ಅವಳ ಪಕ್ಕದ ಬೆಂಚಿನಲ್ಲಿ ಕುಳಿತವರಿಗೆ ಗೊತ್ತಿಲ್ಲದಿರುವುದೇ ಅವಳ ಆಸ್ತಿ. ನಿಮ್ಮ ಮಾಸಿಕ ಪಿಡಿಎಫ್ ಆಗಿ ಅಲ್ಲಿಗೂ ಹೋಗುತ್ತದೆಯಲ್ಲವೇ?

ಮಾಸಿಕದವ · ಶನಿವಾರ, ಮಧ್ಯಾಹ್ನ 2.40

ಹೋಗುತ್ತದೆ. ಬೆಂಗಳೂರು, ಮೈಸೂರಿನಲ್ಲಿರುವ ನಮ್ಮವರ ಗುಂಪುಗಳಿಗೆ ನಾವೇ ಕಳುಹಿಸುತ್ತೇವೆ.

ಬಾಣೆ ಬದಿ · ಶನಿವಾರ, ಮಧ್ಯಾಹ್ನ 3.02

*[ಈ ಉತ್ತರವನ್ನು ನಿರ್ವಾಹಕರು ತೆಗೆದಿದ್ದಾರೆ.]*

ನಿರ್ವಾಹಕ · ಶನಿವಾರ, ಮಧ್ಯಾಹ್ನ 3.06

ಯಾವ ತೋಟದ ಪ್ರಕರಣವೆಂದು ಇಲ್ಲಿ ಊಹಿಸಬೇಡಿ. ಸರಿಯಾದ ಊಹೆಯನ್ನೂ ತೆಗೆಯುತ್ತೇನೆ, ತಪ್ಪು ಊಹೆಯನ್ನೂ ತೆಗೆಯುತ್ತೇನೆ.

ಬಾಣೆ ಬದಿ · ಶನಿವಾರ, ಮಧ್ಯಾಹ್ನ 3.10

ನಾನು ಹೇಳಲಿಲ್ಲ, 'ಅದೇ ಪ್ರಕರಣವೇ?' ಎಂದು ಕೇಳಿದೆ ಅಷ್ಟೇ. ಕೊನೆಯಲ್ಲಿ ಪ್ರಶ್ನೆಯ ಗುರುತಿತ್ತು.

ನಿವೃತ್ತ ಮೇಷ್ಟ್ರು · ಶನಿವಾರ, ಸಂಜೆ 5.25

ಬಾಣೆಯವರ ಪ್ರಶ್ನಾರ್ಥಕ ಚಿಹ್ನೆಗೆ ನಾನು ಪೂರ್ಣಾಂಕ ಕೊಡುತ್ತೇನೆ. ಆದರೆ ಅವರು ಮೂರು ನಿಮಿಷದಲ್ಲಿ ಗುರುತು ಹಿಡಿದದ್ದು ಹೇಗೆ? ಮಾಸಿಕದವರು ಹೆಸರು ಬರೆಯದೆಯೇ ಬರೆದ ಆ ಎರಡು ವಾಕ್ಯಗಳಿಂದ.

ನಮ್ಮ ಜಿಲ್ಲೆಯಲ್ಲಿ ಹೆಸರು ಬೇಡವೇ ಬೇಡ. ಬೆಂಗಳೂರಿನ ಪತ್ರಿಕೆ 'ಜಯನಗರದ ವಿದ್ಯಾರ್ಥಿನಿ' ಎಂದರೆ ಅದು ಯಾರೂ ಆಗಬಹುದು. ಇಲ್ಲಿ ಒಕ್ಕದ ಹೆಸರಿನ ಮೊದಲ ಅಕ್ಷರವನ್ನೂ ಊರನ್ನೂ ಹೇಳಿದರೆ, ಐನ್‌ಮನೆ (ಒಕ್ಕದ ಮೂಲಮನೆ) ಯಾವುದು, ತಾತ ಯಾರು, ಅತ್ತೆಯನ್ನು ಎಲ್ಲಿಗೆ ಕೊಟ್ಟಿದ್ದಾರೆ ಎಂಬುದೆಲ್ಲ ಚಹಾ ಆರುವುದರೊಳಗೆ ಹೊರಬರುತ್ತದೆ. ಸಂಬಂಧ ಬೆಸೆಯುವುದಕ್ಕೆ ನಾವು ಬೆಳೆಸಿಕೊಂಡ ಈ ಜಾಣತನವೇ ಗುಟ್ಟು ಒಡೆಯುವುದಕ್ಕೂ ಒದಗುತ್ತದೆ.

ಇನ್ನೊಂದು ಮಾತನ್ನು ಬೇಸರದಿಂದಲೇ ಬರೆಯುತ್ತೇನೆ. ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಮಾಡಿದ್ದೇನೆ. ಹೆಸರಾಂತ ಮನೆಗಳಲ್ಲಿ ಇಂತಹ ದುರ್ಘಟನೆ ನಡೆದದ್ದೂ ನನಗೆ ಗೊತ್ತು, ಲೈನ್ ಮನೆಗಳಲ್ಲಿ ನಡೆದದ್ದೂ ಗೊತ್ತು. ಮೊದಲಿನವು ಊರಿಗೆಲ್ಲ ಗೊತ್ತಿದ್ದರೂ ಎಲ್ಲಿಯೂ ಒಂದು ಸಾಲು ಬರಲಿಲ್ಲ, ಯಾರೂ ಬಾಗಿಲಿಗೆ ಕ್ಯಾಮೆರಾ ಹಿಡಿಯಲಿಲ್ಲ. ಎರಡನೆಯವುಗಳಲ್ಲಿ ಹುಡುಗಿಯ ತಾಯಿ ಅಳುತ್ತಿರುವುದರಿಂದ ಹಿಡಿದು ಒಣಗಿಹಾಕಿದ ಬಟ್ಟೆಯವರೆಗೆ ಎಲ್ಲವೂ ಬಂತು. 'ಎಲ್ಲರಿಗೂ ಗೊತ್ತಿತ್ತು, ಹಾಕಿದೆವು' ಎನ್ನುವವರು ಮೊದಲಿನವನ್ನು ಏಕೆ ಹಾಕಲಿಲ್ಲ ಎಂದು ಹೇಳಲಿ. ಗೊತ್ತಿರುವುದಷ್ಟೇ ಕಾರಣವಾಗಿದ್ದರೆ ಎರಡೂ ಬರಬೇಕಿತ್ತು. ಕೇಳಲು ಯಾರೂ ಬರುವುದಿಲ್ಲ ಎಂಬ ಧೈರ್ಯವೇ ಕಾರಣವಾಗಿತ್ತು.

ಏಲಕ್ಕಿ ಮಲೆ · ಶನಿವಾರ, ಸಂಜೆ 5.40

ಮೇಷ್ಟ್ರ ಮಾತಿಗೆ ನನ್ನ ಸಹಮತವಿದೆ. ಅಸ್ಸಾಮಿನಿಂದ ಬಂದ ಒಂದೇ ಕುಟುಂಬ ಇರುವ ತೋಟದಲ್ಲಿ 'ವಲಸೆ ಕಾರ್ಮಿಕರ ಮಗಳು' ಎಂದರೂ ಅದು ವಿಳಾಸವೇ.

ಹಾರಂಗಿ ದಂಡೆ · ಶನಿವಾರ, ರಾತ್ರಿ 8.15

ಹುಡುಗಿಯ ವಿಷಯದಲ್ಲಿ ಸೋತೆನೆಂದು ಒಪ್ಪುತ್ತೇನೆ, ಬಾಯಿ ಮುಚ್ಚುವುದಿಲ್ಲ. ಇದೇ ತರ್ಕವನ್ನು ಹಿಡಿದು ನಾಳೆ ದೊಡ್ಡವರು ಬರುತ್ತಾರೆ. ಸಹಕಾರ ಸಂಘದ ಹಣ ನುಂಗಿದವರ ಮೇಲೆ ಪ್ರಕರಣ ದಾಖಲಾಗಿರುತ್ತದೆ, ಎಲ್ಲರಿಗೂ ಗೊತ್ತಿರುತ್ತದೆ, ಬರೆಯಹೊರಟರೆ 'ವಿಷಯ ನ್ಯಾಯಾಲಯದಲ್ಲಿದೆ, ಮಾನನಷ್ಟ ಮೊಕದ್ದಮೆ ಹೂಡುತ್ತೇವೆ' ಎಂದು ನೋಟಿಸು ಬರುತ್ತದೆ. ಊರು ಪಿಸುಗುಟ್ಟಬಹುದು, ಪತ್ರಿಕೆ ಮಾತ್ರ ಬರೆಯಬಾರದು ಎಂದಾದರೆ ಲಾಭ ಯಾರಿಗೆ?

ಕೋರ್ಟ್ ರಸ್ತೆ · ಶನಿವಾರ, ರಾತ್ರಿ 9.30

ಎರಡನ್ನೂ ಒಂದೇ ಚೀಲಕ್ಕೆ ತುಂಬಬಾರದು. 1994ರ ಆಟೋ ಶಂಕರ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಇದನ್ನೇ. ನ್ಯಾಯಾಲಯದ ಕಡತವೂ ಸೇರಿದಂತೆ ಸಾರ್ವಜನಿಕ ದಾಖಲೆಗೆ ಬಂದ ವಿಷಯದ ಮೇಲೆ ಖಾಸಗಿತನದ ಹಕ್ಕು ಉಳಿಯುವುದಿಲ್ಲ, ಪತ್ರಿಕೆ ಅದನ್ನು ಬರೆಯಬಹುದು. ಅಲ್ಲಿಯೇ ಒಂದು ಹೊರತನ್ನೂ ಇಟ್ಟಿತು: ಲೈಂಗಿಕ ದೌರ್ಜನ್ಯ, ಅಪಹರಣದಂತಹ ಅಪರಾಧಗಳಿಗೆ ಒಳಗಾದ ಹೆಣ್ಣಿನ ಹೆಸರು ದಾಖಲೆಯಲ್ಲಿದ್ದರೂ ಅದನ್ನು ಪ್ರಚಾರ ಮಾಡಬಾರದು. 2016ರಲ್ಲಿ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಪೊಲೀಸ್ ಜಾಲತಾಣಕ್ಕೆ ಹಾಕಬೇಕೆಂದು ಆದೇಶಿಸಿದಾಗಲೂ ಲೈಂಗಿಕ ಅಪರಾಧ, ಪೋಕ್ಸೊ ಮುಂತಾದ ಸೂಕ್ಷ್ಮ ಪ್ರಕರಣಗಳನ್ನು ಹೊರಗಿಟ್ಟಿತು. ಸಂಘದ ಹಣದ ಪ್ರಕರಣ ಆ ಹೊರತಿನಲ್ಲಿ ಬರುವುದಿಲ್ಲ. ದಾಖಲೆ ಕೈಯಲ್ಲಿಟ್ಟುಕೊಂಡು ಧಾರಾಳವಾಗಿ ಬರೆಯಿರಿ.

ಆದರೆ ದಾಖಲೆ ಬೇರೆ, ಪುಕಾರು ಬೇರೆ. 'ಊರೆಲ್ಲ ಹೇಳುತ್ತಿದೆ, ನಾನೂ ಹೇಳಿದೆ' ಎಂಬುದು ಮಾನನಷ್ಟಕ್ಕೆ ಉತ್ತರವಾಗುವುದಿಲ್ಲ. ಮಾತು ಸತ್ಯವಾಗಿರಬೇಕು, ಅದನ್ನು ಪ್ರಕಟಿಸುವುದು ಸಾರ್ವಜನಿಕ ಹಿತಕ್ಕೂ ಬೇಕಾಗಿರಬೇಕು, ಆಗ ಮಾತ್ರ ಕಾನೂನಿನ ರಕ್ಷಣೆ. ಇನ್ನೊಬ್ಬರ ಮಾನಹಾನಿಕರ ಬರಹವನ್ನು ಹಾಗೆಯೇ ಮರುಹಂಚಿಕೊಂಡವರೂ ಹೊಣೆಗಾರರಾಗಬಹುದೆಂದು 2024ರ ಫೆಬ್ರವರಿಯಲ್ಲಿ ದೆಹಲಿ ಹೈಕೋರ್ಟು ಹೇಳಿದೆ. ಆರೋಪಿಯನ್ನು ಅಪರಾಧಿ ಎಂದು ಬರೆಯಬೇಡಿ, ಬಂಧನವನ್ನು ಮುಖಪುಟದಲ್ಲಿ ಹಾಕಿ ಖುಲಾಸೆಯನ್ನು ಮರೆಯಬೇಡಿ.

ಕಾಫಿ ಕಣ · ಶನಿವಾರ, ರಾತ್ರಿ 9.52

ಕೊನೆಯ ವಾಕ್ಯಕ್ಕೆ ಚಪ್ಪಾಳೆ. ನಮ್ಮ ಊರಿನವರೊಬ್ಬರ ಬಂಧನದ ಸುದ್ದಿ ಫೋಟೊ ಸಮೇತ ಬಂದಿತ್ತು, ಆರು ವರ್ಷದ ಮೇಲೆ ನಿರ್ದೋಷಿ ಎಂದು ತೀರ್ಪಾದದ್ದು ಅವರ ಮನೆಯವರಿಗೆ ಮಾತ್ರ ಗೊತ್ತು. ಇಂದಿಗೂ ಅವರ ಹೆಸರನ್ನು ಮೊಬೈಲಿನಲ್ಲಿ ಹುಡುಕಿದರೆ ಮೊದಲು ಬರುವುದು ಆ ಹಳೆಯ ಫೋಟೊ.

ತಿರುವು ರಸ್ತೆ · ಭಾನುವಾರ, ಬೆಳಿಗ್ಗೆ 7.15

ಈ ತಕರಾರು ನಮ್ಮದೊಂದೇ ಅಲ್ಲ. ಬ್ರಿಟನ್ನಿನ ನಿವೃತ್ತ ಗೂಢಚಾರರೊಬ್ಬರು ತಮ್ಮ ಇಲಾಖೆಯ ಬಗ್ಗೆ ಬರೆದ ಪುಸ್ತಕವನ್ನು ಅಲ್ಲಿನ ಸರ್ಕಾರ ತಡೆಯಲು ಹೋಯಿತು. 1987ರಲ್ಲಿ ಅದು ಅಮೆರಿಕದಲ್ಲಿ ಪ್ರಕಟವಾಯಿತು, ಜನ ಅಲ್ಲಿಂದ ಕೊಂಡು ತಂದು ಓದಿದರು, ಆದರೂ ಲಂಡನ್ನಿನ ಪತ್ರಿಕೆಗಳು ಅದರೊಳಗಿನದನ್ನು ಬರೆಯುವಂತಿರಲಿಲ್ಲ. ಕೊನೆಗೆ 1988ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಪೀಠ, ಗುಟ್ಟು ಗುಟ್ಟಾಗಿ ಉಳಿದಿಲ್ಲವಾದ್ದರಿಂದ ಶಾಶ್ವತ ತಡೆ ಕೊಡಲಾಗದು ಎಂದಿತು. 1991ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು ಅಮೆರಿಕದಲ್ಲಿ ಪ್ರಕಟವಾದ ಮೇಲೂ ತಡೆಯನ್ನು ಮುಂದುವರಿಸಿದ್ದು ತಪ್ಪೆಂದು ಹೇಳಿತು. ಹಾರಂಗಿಯವರು ಖುಷಿಪಡಬಹುದು.

ಆದರೆ ಅದೇ ದೇಶದಲ್ಲಿ 2016ರಲ್ಲಿ, ಮಕ್ಕಳಿರುವ ಒಬ್ಬ ಪ್ರಸಿದ್ಧ ವ್ಯಕ್ತಿಯ ಖಾಸಗಿ ಬದುಕಿನ ಸುದ್ದಿ ಅಮೆರಿಕದಲ್ಲಿ, ಸ್ಕಾಟ್‌ಲೆಂಡಿನಲ್ಲಿ, ಅಂತರ್ಜಾಲದಲ್ಲಿ ಹೆಸರು ಸಮೇತ ಬಂದಿದ್ದರೂ ಇಂಗ್ಲೆಂಡಿನ ಪತ್ರಿಕೆಯ ಮೇಲಿನ ತಡೆಯನ್ನು ಸುಪ್ರೀಂ ಕೋರ್ಟು 4–1ರ ಬಹುಮತದಿಂದ ಉಳಿಸಿತು. ಗುಟ್ಟು ಒಮ್ಮೆ ಒಡೆದರೆ ಮುಗಿಯಿತು, ಆದರೆ ಖಾಸಗಿತನದ ಮೇಲೆ ಪ್ರತಿ ಪ್ರಕಟಣೆಯೂ ಹೊಸದಾಗಿ ಎರಗುತ್ತದೆ ಎಂಬುದು ಆ ತೀರ್ಪಿನ ಸಾರ. ಸರ್ಕಾರಕ್ಕೆ ಗುಟ್ಟು ಇರುತ್ತದೆ, ಸಂಘಕ್ಕೂ ಇರುತ್ತದೆ. ಎರಡನೆಯ ಸಲ ಹೇಳಿದರೂ ಮೊದಲ ಸಲದಷ್ಟೇ ನೋಯುವುದು ಮನುಷ್ಯರಿಗೆ ಮಾತ್ರ.

ಹಾರಂಗಿ ದಂಡೆ · ಭಾನುವಾರ, ಬೆಳಿಗ್ಗೆ 7.50

ಖುಷಿಪಟ್ಟೆ, ಎರಡನೆಯ ಭಾಗ ಓದಿ ಮತ್ತೆ ಕೆಳಗಿಳಿದೆ.

ಏಲಕ್ಕಿ ಮಲೆ · ಭಾನುವಾರ, ಬೆಳಿಗ್ಗೆ 8.30

ಅಷ್ಟು ದೂರ ಹೋಗಬೇಕಿಲ್ಲ. 2017ರ ಜನವರಿಯಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿಗೆ ಒಬ್ಬ ತಂದೆ ಬಂದಿದ್ದರು. ಮಗಳ ಹೆಸರನ್ನು ಹುಡುಕಿದರೆ ಇತ್ಯರ್ಥವಾಗಿ ಹೋದ ಹಳೆಯ ಪ್ರಕರಣದ ಆದೇಶ ಕಾಣಿಸುತ್ತದೆ, ಅದರಿಂದ ಅವಳ ಸಂಸಾರಕ್ಕೂ ಮಾನಕ್ಕೂ ತೊಂದರೆ ಎಂಬುದು ಅವರ ಅಳಲು. ಅಂತರ್ಜಾಲದ ಹುಡುಕಾಟದಲ್ಲಿ ಅವಳ ಹೆಸರು ಸಿಗದಂತೆ ನೋಡಿಕೊಳ್ಳಲು ಕೋರ್ಟು ತನ್ನ ಕಚೇರಿಗೇ ಸೂಚಿಸಿತು. ಅದೇ ವರ್ಷದ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವನ್ನು ಮೂಲಭೂತ ಹಕ್ಕೆಂದರು. ಆ ಪ್ರಕರಣದ ಅರ್ಜಿದಾರರಾದ ಪುಟ್ಟಸ್ವಾಮಿಯವರೂ ನಮ್ಮ ಇದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾಗಿದ್ದರು.

ದಕ್ಷಿಣದವಳು · ಭಾನುವಾರ, ಬೆಳಿಗ್ಗೆ 9.05

ಮಾಸಿಕದವರೇ, ಇಷ್ಟೆಲ್ಲ ಚರ್ಚೆಯಾದ ಮೇಲೂ ನಿಮ್ಮ ಮೊದಲ ಬರಹದಲ್ಲಿ ಆ ಎರಡು ವಾಕ್ಯಗಳು ಹಾಗೆಯೇ ಇವೆ. ನಿನ್ನೆಯಿಂದ ಎಷ್ಟು ಮಂದಿ ಓದಿದ್ದಾರೆಂದು ಕೆಳಗೆ ಸಂಖ್ಯೆಯೂ ಕಾಣುತ್ತಿದೆ.

ಮಾಸಿಕದವ · ಭಾನುವಾರ, ಬೆಳಿಗ್ಗೆ 9.20

ತೆಗೆದೆ. ನಿಜವಾಗಿ ನನಗೆ ಹೊಳೆದೇ ಇರಲಿಲ್ಲ, ಕ್ಷಮಿಸಿ.

ಬಾಣೆ ಬದಿ · ಭಾನುವಾರ, ಬೆಳಿಗ್ಗೆ 9.24

ಸ್ಕ್ರೀನ್‌ಶಾಟ್ ನನ್ನ ಹತ್ತಿರ ಇದೆ. ಗಾಬರಿಯಾಗಬೇಡಿ, ಅಳಿಸುತ್ತಿದ್ದೇನೆ.

ಮಾಸಿಕದವ · ಭಾನುವಾರ, ಸಂಜೆ 6.10

ನಾವು ಮೂವರೂ ಕುಳಿತು ಸುದ್ದಿಯನ್ನು ಮತ್ತೆ ಬರೆದೆವು. ಯಾವ ಕಲಮಿನಡಿ ಶಿಕ್ಷೆಯಾಯಿತು, ಎಷ್ಟು ವರ್ಷ, ತೀರ್ಪು ಬರಲು ಎಷ್ಟು ಕಾಲ ಹಿಡಿಯಿತು, ದೂರು ಕೊಟ್ಟ ಕುಟುಂಬಕ್ಕೆ ಆ ಕಾಲದಲ್ಲಿ ನೆರವಾಗಬೇಕಾದವರು ಯಾರು ಎಂಬಷ್ಟೇ ಉಳಿದಿದೆ. ತೋಟವಿಲ್ಲ, ಶಾಲೆಯಿಲ್ಲ, ಹೋಬಳಿಯೂ ಇಲ್ಲ. ಒಂದು ಪ್ರಶ್ನೆ ಉಳಿದಿದೆ. ಅಪರಾಧಿಯ ಹೆಸರನ್ನು ಹಾಕಬಹುದೇ? ಅವನನ್ನು ಮುಚ್ಚಿಡುವುದಕ್ಕೆ ನನಗೆ ಮನಸ್ಸಿಲ್ಲ.

ಕೋರ್ಟ್ ರಸ್ತೆ · ಭಾನುವಾರ, ರಾತ್ರಿ 8.00

ಅವನ ಹೆಸರು ಹೇಳಿದೊಡನೆ ತೋಟ ನೆನಪಾಗುತ್ತದೆ, ತೋಟ ನೆನಪಾದೊಡನೆ ಹುಡುಗಿ. ಹಾಗಾಗುವುದಾದರೆ ಅವನ ಹೆಸರೂ 'ಗುರುತು ಸಿಗುವಂತಹ ವಿವರ'ವೇ. ನನಗೂ ಇದು ನುಂಗಲಾರದ ತುತ್ತು, ಆದರೆ ಅವನನ್ನು ಅವಮಾನಿಸುವ ಸುಖಕ್ಕೆ ಅವಳು ಬೆಲೆ ಕೊಡಬೇಕಾಗುತ್ತದೆ. ಇನ್ನೊಂದು ಎಚ್ಚರಿಕೆ. ಅತ್ಯಾಚಾರದ ಕಲಮಿದ್ದರೆ ವಿಚಾರಣೆಯ ನಡಾವಳಿಯನ್ನು ಪ್ರಕಟಿಸಲು ಸಂಹಿತೆಯ 73ರಂತೆ ಆ ನ್ಯಾಯಾಲಯದ ಪೂರ್ವಾನುಮತಿ ಬೇಕು. ಹೈಕೋರ್ಟು ಮತ್ತು ಸುಪ್ರೀಂ ಕೋರ್ಟಿನ ತೀರ್ಪುಗಳಿಗೆ ಮಾತ್ರ ಈ ಕಟ್ಟು ಇಲ್ಲ. ಮಂಗಳವಾರ ಬನ್ನಿ, ಒಂದು ಅರ್ಜಿ ಬರೆದುಕೊಡುತ್ತೇನೆ, ಫೀಸು ಬೇಡ.

ಹಾರಂಗಿ ದಂಡೆ · ಭಾನುವಾರ, ರಾತ್ರಿ 8.12

ಫೀಸು ಬೇಡವೆಂದ ವಕೀಲರ ಮಾತನ್ನು ಮುಖಪುಟದಲ್ಲಿ ಹಾಕಿ. ಇದು ಯಾರಿಗೂ ಗೊತ್ತಿರದ ಸುದ್ದಿ.

ನಿವೃತ್ತ ಮೇಷ್ಟ್ರು · ಭಾನುವಾರ, ರಾತ್ರಿ 8.45

ಘಟನೆ ನಡೆದ ವರ್ಷ ನಿಮ್ಮ ಮಾಸಿಕವೇ ಏನು ಬರೆದಿತ್ತೆಂದು ನೋಡಿದಿರಾ?

ಮಾಸಿಕದವ · ಭಾನುವಾರ, ರಾತ್ರಿ 10.30

ಈಗ ತೆಗೆದು ನೋಡಿದೆ. ಮೂರನೆಯ ಪುಟದಲ್ಲಿ ತೋಟದ ಹೆಸರಿದೆ, ತಂದೆಯ ಹೆಸರಿನ ಮೊದಲ ಅಕ್ಷರವೂ ಇದೆ. ಬರೆದವನು ನಾನೇ. ಪಿಡಿಎಫ್ ಅನ್ನು ನಮ್ಮ ತಾಣದಿಂದ ಅಳಿಸಿದ್ದೇನೆ. ಗ್ರಂಥಾಲಯಕ್ಕೆ ಕೊಟ್ಟ ಒಂದು ಪ್ರತಿ ಅಲ್ಲಿ ಕಟ್ಟಿನಲ್ಲಿರಬಹುದು, ನಾಳೆ ಹೋಗಿ ಆ ಎರಡು ಸಾಲಿನ ಮೇಲೆ ಮಸಿ ಹಚ್ಚಿ ಬರುವೆ.

ನಿವೃತ್ತ ಮೇಷ್ಟ್ರು · ಭಾನುವಾರ, ರಾತ್ರಿ 10.41

ಮಸಿ ಹಚ್ಚಬೇಡಿ. ಮಸಿ ಹಚ್ಚಿದ ಸಾಲನ್ನು ಜನ ಬೆಳಕಿಗೆ ಹಿಡಿದು ಓದುತ್ತಾರೆ, ಅಲ್ಲದೆ ಆ ಪ್ರತಿ ಈಗ ನಿಮ್ಮದಲ್ಲ. ಗ್ರಂಥಪಾಲಕರಿಗೆ ಹೇಳಿ ಆ ತಿಂಗಳ ಸಂಚಿಕೆಯನ್ನು ಬೇರೆಯಾಗಿ ಒಳಗೆ ಇರಿಸಿ.

ದಕ್ಷಿಣದವಳು · ಭಾನುವಾರ, ರಾತ್ರಿ 10.50

ಮೇಷ್ಟ್ರೇ, ಈ ಒಂದು ವಿಷಯದಲ್ಲಿ ನಾನು ನಿಮಗೆ ವಿರುದ್ಧ. ಹಚ್ಚಲಿ ಬಿಡಿ.